ತೀರಿದ ದನಿ

ನನ್ನನ್ನು ಈ ಮನೆಗೆ ಸೊಸೆಯಾಗಿ ತಂದದ್ದು ಟಿ.ವಿ. ಹಾಕುವುದಕ್ಕೆ. ಬೇರೆ ಊರಿನವರ ಮುಂದೆ ಹೀಗಂದರೆ ನಗುತ್ತಾರೆ, ನಮ್ಮೂರಲ್ಲಿ ಯಾರೂ ನಗುವುದಿಲ್ಲ. ಹೆಣ್ಣು ನೋಡಲು ಬಂದ ದಿನ ಇವರು ಹಾಡು ಹೇಳು ಅನ್ನಲಿಲ್ಲ, ಅಡುಗೆ ಬರುತ್ತದಾ ಎಂದೂ ಕೇಳಲಿಲ್ಲ. ಈಗ ನನ್ನ ಗಂಡನಾಗಿರುವ ಪಂಚಾಕ್ಷರಿ ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದರು. ಅವರ ಅಪ್ಪ, ಅಂದರೆ ನನ್ನ ಮಾವ, ಚಾಪೆಯ ಮೇಲೆ ನೆಟ್ಟಗೆ ಕೂತು, "ಎಲ್ಲಿ, ಎಂಟು ಗಂಟೆ ವಾರ್ತೆ ಹಾಕು ಅನ್ನವ್ವ ಒಂದ್ಸಲ" ಅಂದರು. ಅಂದೆ. ಇನ್ನೊಂದು ಸಲ, ಸ್ವಲ್ಪ ಬಿಡಿಸಿ ಹೇಳು ಅಂದರು. ಬಿಡಿಸಿ ಹೇಳಿದೆ. ಹುಡುಗಿಗೆ ನೆಗಡಿ ಜಾಸ್ತಿಯೋ ಎಂದು ನನ್ನಮ್ಮನನ್ನು ಕೇಳಿದರು. ವರ್ಷಕ್ಕೊಂದು ಸಲ ಬಂದರೆ ಹೆಚ್ಚು ಎಂದು ಅಮ್ಮ ಹಸಿ ಸುಳ್ಳು ಹೇಳಿದಳು. ಅಷ್ಟಕ್ಕೆ ಸಂಬಂಧ ಕುದುರಿತು.

ನಮ್ಮೂರಲ್ಲಿ ಮನೆಗೊಂದೇ ರಿಮೋಟು, ರಿಮೋಟಿಗೊಂದೇ ದನಿ. ಅದರ ಮೈಮೇಲೆ ಇರುವುದು ಮೈಕಿನ ಒಂದು ಗುಂಡಿ ಮಾತ್ರ. ಅದನ್ನು ಒತ್ತಿಕೊಂಡು ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು. ಮೊದಲ ದಿನ ಯಾರು ಹೇಳಿದರೋ ಅವರ ಮಾತನ್ನು ಮಾತ್ರ ಅದು ಕೇಳುತ್ತದೆ. ಅಂಥವರನ್ನು ಮನೆದನಿ ಅನ್ನುತ್ತೇವೆ. ಮಿಕ್ಕವರು ಗಂಟಲು ಹರಿದುಕೊಂಡು ಜಪ್ಪಯ್ಯ ಅಂದರೂ ಟಿ.ವಿ. ಜಗ್ಗುವುದಿಲ್ಲ. ಮನೆದನಿ ಸತ್ತರೆ, ಇಲ್ಲವೇ ಮದುವೆಯಾಗಿ ಇನ್ನೊಂದು ಮನೆಗೆ ಹೋದರೆ, ಪೇಟೆಬೀದಿಯ ದನಿ ಕಚೇರಿಗೆ ಹೋಗಿ 'ದನಿ ತೀರಿದೆ' ಎಂದು ಬರೆಸಿ ಬರಬೇಕು. ಆಮೇಲೆ ಅದು ಇನ್ನೊಬ್ಬರ ದನಿ ಹಿಡಿಯುತ್ತದೆ. ಸತ್ತವರದು ತೊಂದರೆಯಿಲ್ಲ, ಅವರು ತಿರುಗಿ ಬಂದು ಮಾತಾಡುವುದಿಲ್ಲವಲ್ಲ. ಕಷ್ಟವೆಲ್ಲ ಮದುವೆಯಾಗಿ ಹೋದವರದು. ತೀರಿದ ದನಿ ಹೊಸ್ತಿಲೊಳಗೆ ಮತ್ತೆ ಒಂದೇ ಒಂದು ಮಾತು ಕೇಳಿಸಿದರೂ ರಿಮೋಟು ಸತ್ತುಹೋಗುತ್ತದೆ. ಆಮೇಲೆ ಹನ್ನೆರಡು ವರ್ಷ ಆ ಮನೆಗೆ ಇನ್ನೊಂದನ್ನು ಕೊಡುವುದಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ, ಕಣ್ಣಾರೆ ಕಂಡಿದ್ದೇವೆ. ಹಿಂದಿನ ಬೀದಿಯ ಬಳೆ ಅಂಗಡಿಯವರ ಮಗಳು ಬಾಣಂತನಕ್ಕೆ ಬಂದಿದ್ದವಳು ಬಚ್ಚಲಲ್ಲಿ ಚೇಳು ನೋಡಿ ಕಿಟ್ಟನೆ ಕಿರುಚಿದಳು. ನಡುಮನೆಯಲ್ಲಿ ಧಾರಾವಾಹಿ ಅರ್ಧಕ್ಕೇ ನಿಂತಿತು. ಹನ್ನೆರಡು ವರ್ಷ ಆ ಮನೆಯವರು ಗೋಡೆ ನೋಡಿಕೊಂಡು ಕೂತರು. ಸಂಜೆ ಹೊತ್ತು ಅವರ ಮನೆಗೆ ಒಂದು ನರಪಿಳ್ಳೆಯೂ ಹೋಗುತ್ತಿರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಸಾಕಿದ ಗಿಣಿ ಹೋದ ಮಗಳ ಹಾಗೇ 'ಹಾಡು ಹಾಕು' ಅಂದುಬಿಟ್ಟಿತಂತೆ. ರಿಮೋಟೂ ಹೋಯಿತು, ಗಿಣಿಯೂ ಹೋಯಿತು. ಫೋನಿನಲ್ಲಿ ಬರುವ ದನಿಯೂ ದನಿಯೇ ಎಂದು ಕಚೇರಿಯವರು ಬೋರ್ಡು ಬರೆಸಿ ಹಾಕಿದ್ದಾರೆ. ಕೆಮ್ಮು, ಸೀನು ದನಿಯಲ್ಲವಂತೆ. ಅಳು ದನಿಯಂತೆ. ರಿಮೋಟನ್ನು ಕೌದಿಯಲ್ಲಿ ಸುತ್ತಿಟ್ಟು, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ನೋಡಿದವರಿದ್ದಾರೆ. ಅದರ ಕಿವಿ ಬಲು ಚುರುಕು. ಮನೆಯಿಂದ ಆಚೆ ಒಯ್ದಿಡೋಣ ಅಂದರೆ ಹೊಸ್ತಿಲು ದಾಟಿದ ತಕ್ಷಣ ಕೆಟ್ಟುಹೋಗುತ್ತದೆ.

ಹಾಗಾಗಿ ಬುದ್ಧಿ ಇರುವ ಮನೆಯವರು ಹೆಣ್ಣುಮಕ್ಕಳಿಗೆ ದನಿ ಕೊಡುವುದಿಲ್ಲ. ಅಜ್ಜನಿಗೋ ದೊಡ್ಡ ಮಗನಿಗೋ ಕೊಡುತ್ತಾರೆ. ಈ ಮನೆಯಲ್ಲಿ ಮಾತ್ರ ಎಡವಟ್ಟಾಯಿತು. ಪೆಟ್ಟಿಗೆ ಬಂದ ದಿನ ಮಾವ ಪಂಚಾಂಗ ನೋಡಿ ಸಂಜೆ ಮಾತಾಡಿಸೋಣ ಎಂದು ಮೀಸೆ ತೀಡುತ್ತಾ ಕೂತಿದ್ದರಂತೆ. ಹನ್ನೊಂದು ವರ್ಷದ ಮಗಳು ಅನಸೂಯ ಶಾಲೆಯಿಂದ ಬಂದವಳೇ, ಚೀಲ ಕೂಡ ಇಳಿಸದೆ, ಗುಂಡಿ ಒತ್ತಿ 'ನಮ್ಮವ್ವಂಗೆ ಒಂದು ಹಾಡು ಹಾಕು' ಅಂದಳು. ಮುಗಿಯಿತು. ಮಾವ ಆವತ್ತು ಊಟ ಮಾಡಲಿಲ್ಲ. ಅತ್ತೆ ಮಾತ್ರ ಹಾಡು ಮುಗಿಯುವವರೆಗೆ ಎದ್ದು ಹೋಗಲಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ.

ಹತ್ತು ವರ್ಷ ಅನಸೂಯ ಈ ಮನೆಯ ದನಿಯಾಗಿದ್ದಳು. ಅತ್ತೆಗೆ ಟಿ.ವಿ.ಯಲ್ಲಿ ಏನು ಬಂದರೂ ಒಂದೇ. "ಅವಳು 'ಹಾಕು' ಅಂದ್ರೆ ಚೊಂಬಿಗೆ ಹಾಲು ಕರೆದಂಗೆ ಇರೋದು ಕಣೆ ವಿಶಾಲ" ಎಂದು ನನಗೆ ಹೇಳುತ್ತಿದ್ದರು. ಒಲೆ ಮುಂದೆ ಕೂತು, ಮಗಳು ಹೇಳುವ ಮೊದಲ ಮಾತು ಕೇಳಿಸಿಕೊಂಡು, ಆಮೇಲೆ ಬರುವ ಧಾರಾವಾಹಿಗೆ ಬೆನ್ನು ಹಾಕಿ ಬೇಳೆ ಆರಿಸುತ್ತಿದ್ದರಂತೆ. ಅನಸೂಯಳಿಗೆ ಬಂದ ಸಂಬಂಧಗಳನ್ನು ಮಾವ ಒಂದಲ್ಲ ಒಂದು ನೆಪ ತೆಗೆದು ಎರಡು ವರ್ಷ ಹಿಂದಕ್ಕೆ ಕಳಿಸಿದರು. ಕೊನೆಗೆ ಕೆರೆಯಾಚೆಯ ಗಿರಣಿ ಶಂಕ್ರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಮದುವೆಯ ಮರುದಿನವೇ ಕಚೇರಿಯಲ್ಲಿ ದನಿ ತೀರಿದೆ ಎಂದು ಬರೆಸಿ ಬಂದರು. ಮನೆಯಲ್ಲಿ ಸದಾ ಇರುವವರು ಬೇಕಲ್ಲ? ಗಂಡಸರು ಹೊರಗೆ ದುಡಿಯುವವರು, ಅತ್ತೆಗೆ ವಯಸ್ಸಾಯಿತು. ಸೊಸೆಯಾದರೆ ಎಲ್ಲಿಗೂ ಹೋಗುವವಳಲ್ಲ. ಇಪ್ಪತ್ತೇ ದಿನದಲ್ಲಿ ನನ್ನನ್ನು ಹುಡುಕಿ ತಂದರು. ಸೇರು ಒದ್ದು ಒಳಗೆ ಬಂದ ನನ್ನ ಕೈಗೆ ದೇವರ ದೀಪ ಹಚ್ಚಲು ಬೆಂಕಿಪೊಟ್ಟಣ ಕೊಡುವ ಮೊದಲು ರಿಮೋಟು ಕೊಟ್ಟರು.

ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಹಿಡಿಸಿತು. ತವರಿನಲ್ಲಿ ನಾನು ಐದು ಜನ ಹೆಣ್ಣುಮಕ್ಕಳಲ್ಲಿ ನಾಲ್ಕನೆಯವಳು, ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಇಲ್ಲಿ, ಸೊಸೆಯ ಮುಖ ಎತ್ತಿ ನೋಡದ ಮಾವ ದಿನಕ್ಕೆ ನಾಲ್ಕು ಸಲ ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ವಿಶಾಲಾ, ವಾರ್ತೆ ಹಾಕ್ಕೊಡವ್ವ" ಅನ್ನಬೇಕು. ಗಂಡನಿಗೆ ಕುಸ್ತಿ ಬೇಕಾದರೆ ನನ್ನನ್ನು ಕೇಳಬೇಕು. ಪಕ್ಕದ ಮನೆಯವರು ಹಬ್ಬದ ಕಾರ್ಯಕ್ರಮ ನೋಡಲು ಬಂದರೆ ಮೊದಲು ನನಗೆ ಹೂವು. ಗಂಟಲು ಕಟ್ಟಿದರೆ ಮೆಣಸಿನ ಕಷಾಯ ನನ್ನ ಹಾಸಿಗೆಗೇ ಬರುತ್ತಿತ್ತು. ಒಮ್ಮೆ ಗಂಡನ ಮೇಲೆ ಸಿಟ್ಟಾಗಿ ಮೂರು ದಿನ ಯಾರ ಜೊತೆಗೂ ಮಾತು ಬಿಟ್ಟೆ. ಮೂರನೇ ದಿನ ಸಂಜೆ ಮಾವನೇ ಮಗನನ್ನು ಕರೆದು ಬೈದು ನನ್ನಲ್ಲಿ ತಪ್ಪೊಪ್ಪಿಸಿದರು. ಯಾವ ಸೊಸೆಗುಂಟು ಆ ಭಾಗ್ಯ?

ಅನಸೂಯ ವರ್ಷಕ್ಕೆ ನಾಲ್ಕೈದು ಸಲ ತವರಿಗೆ ಬರುತ್ತಿದ್ದಳು. ಜಗಲಿಯ ಮೇಲೆ ಕೂತು ಅತ್ತೆಯ ಜೊತೆ ಹೊಟ್ಟೆ ತುಂಬ ಮಾತಾಡುವಳು. ಊಟಕ್ಕೆ ಎಂದು ಹೊಸ್ತಿಲು ದಾಟಿದಳೋ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವಳು. ಹುಳಿ ಬೇಕೆಂದರೆ ಬೆರಳು ತೋರಿಸುವುದು, ಸಾಕೆಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. ಎಲ್ಲ ಮನೆಗಳಲ್ಲೂ ಹೀಗೆ ಬಾಯಿ ಕಟ್ಟಿ ಉಣ್ಣುವ ಒಬ್ಬಿಬ್ಬರು ಹೆಣ್ಣುಮಕ್ಕಳಿದ್ದರು. ನಮಗೆ ಅದು ವಿಶೇಷ ಅನ್ನಿಸುತ್ತಿರಲಿಲ್ಲ.

ಒಂದು ಸಲ ಗೌರಿಹಬ್ಬಕ್ಕೆ ಬಂದಿದ್ದಳು. ಅವಳ ಮಗಳಿಗೆ ಆಗ ಮೂರು ವರ್ಷ. ಪಂಚಾಕ್ಷರಿ ಅಂಗಿ ತಿಕ್ಕಿ ನೆಲದ ಮೇಲೆ ಇಟ್ಟಿದ್ದ ಇಸ್ತ್ರಿ ಪೆಟ್ಟಿಗೆಯ ಕಡೆ ಮಗು ಹೋಯಿತು. ನಾನು ಬೆನ್ನು ತಿರುಗಿಸಿ ಹಪ್ಪಳ ಕರಿಯುತ್ತಿದ್ದೆ. ಚಪ್ಪಾಳೆಯ ಸದ್ದು ಕೇಳಿ ತಿರುಗಿದರೆ, ಅನಸೂಯ ದೂರದಿಂದ ಎರಡೂ ಕೈ ತಟ್ಟುತ್ತಾ ಓಡಿ ಬರುತ್ತಿದ್ದಾಳೆ. ಅವ್ವ ಆಟ ಆಡಿಸುತ್ತಿದ್ದಾಳೆ ಎಂದು ಮಗು ನಗುತ್ತಾ ಕೈ ಇಟ್ಟುಬಿಟ್ಟಿತು. ಅವಳು ಮಗುವನ್ನು ಎತ್ತಿಕೊಂಡು, ಬಾಯಿ ಬಿಗಿದುಕೊಂಡೇ ನಡುಮನೆ ದಾಟಿ, ಜಗಲಿ ದಾಟಿ, ಬೀದಿಯಲ್ಲಿ ನಿಂತು ಗೋಳೋ ಎಂದು ಅತ್ತಳು. "ಸದ್ಯ, ಒಳಗೆ ಬಾಯಿ ಬಿಡ್ಲಿಲ್ಲ" ಅಂದರು ಮಾವ. ನಾನೂ ಹಾಗೇ ಅಂದುಕೊಂಡೆ. ಇವತ್ತು ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೀಗೆ ಹತ್ತು ವರ್ಷ ನಡೆಯಿತು. ನಾಲ್ಕು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸಕ್ಕರೆ ಕಾಯಿಲೆ ಕಣ್ಣನ್ನು ಮೊದಲೇ ತಿಂದಿತ್ತು. ನಡುಮನೆಯ ಮೂಲೆಯಲ್ಲಿ ಟಿ.ವಿ.ಗೆ ಎದುರಾಗಿ ಮಂಚ ಹಾಕಿದೆವು. ಅಲ್ಲಿ ಬಿಟ್ಟರೆ ಮನೆಯಲ್ಲಿ ಮಂಚ ಹಿಡಿಸುವ ಜಾಗ ಇರಲಿಲ್ಲ. ಅಲುಗಾಡಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೂ ಒಂದು ಸಲ, ಮಗಳು ಬಂದಾಗ, ನಾಲ್ಕು ಜನ ಸೇರಿ ಮಂಚದ ಸಮೇತ ಜಗಲಿಗೆ ಎತ್ತಲು ನೋಡಿದೆವು. ಅತ್ತೆ ನೋವಿಗೆ ಕೂಗಿದ ಕೂಗಿಗೆ ಮಂಚವನ್ನು ಅಲ್ಲೇ ಇಳಿಸಿದೆವು. ಅಲ್ಲಿಂದ ಮುಂದೆ ತಾಯಿ ಮಗಳ ಮಾತು ನಿಂತುಹೋಯಿತು. ಜಗಲಿಯಿಂದ ಕೂಗಿ ಮಾತಾಡಬಹುದಲ್ಲ ಎಂದು ಕೇಳಬೇಡಿ. ಅತ್ತೆಯ ಕಿವಿಗೆ ಮುಟ್ಟುವಷ್ಟು ಕೂಗಿದರೆ ರಿಮೋಟಿನ ಕಿವಿಗೂ ಮುಟ್ಟುತ್ತದೆ.

ಅನಸೂಯ ಮಾತ್ರ ಬರುವುದು ಬಿಡಲಿಲ್ಲ. ಮಂಗಳವಾರ ಗಿರಣಿಗೆ ರಜ. ಮಂಗಳವಾರ ಮಂಗಳವಾರ ಬರುವಳು. ಅಷ್ಟರಲ್ಲಿ ಶಂಕ್ರಪ್ಪ ಹಿಟ್ಟಿನ ಕಲ್ಲಿನ ಪಕ್ಕದಲ್ಲಿ ಖಾರದ ಪುಡಿ ಮಾಡುವ ಮೆಷಿನನ್ನೂ ಹಾಕಿದ್ದ. ಒಣಮೆಣಸಿನಕಾಯಿಯ ಘಾಟು, ಅದರ ಮೇಲೆ ಮೆಷಿನಿನ ಸದ್ದಿನಲ್ಲಿ ಗಿರಾಕಿಗಳ ಜೊತೆ ದಿನವಿಡೀ ಕೂಗಾಟ. ಒಂದೇ ವರ್ಷದಲ್ಲಿ ಅವಳ ಗಂಟಲು ಒಡೆದುಹೋಯಿತು. ಜಗಲಿಯಲ್ಲಿ ನನ್ನ ಜೊತೆ ಮಾತಾಡುವಾಗ ಗಂಡಸರ ದನಿಯ ಹಾಗೆ ಗೊರಗೊರ ಅನ್ನುತ್ತಿತ್ತು. "ಜೇಷ್ಠಮಧು ಅಗಿ ಅನಸೂಯಾ" ಎಂದು ನಾನು ಹೇಳುತ್ತಿದ್ದೆ. "ಅಗಿದು ಅಗಿದು ಹಲ್ಲೇ ಸವೀತು ಅತ್ತಿಗೆ" ಅನ್ನುತ್ತಿದ್ದಳು. ಆ ದನಿಯನ್ನು ನಾನು, ಮಾವ, ನನ್ನ ಗಂಡ ಎಲ್ಲರೂ ವಾರ ವಾರ ಕೇಳಿದ್ದೇವೆ. ಯಾರಿಗೂ ತಲೆಯಲ್ಲಿ ಏನೂ ಹೊಳೆಯಲಿಲ್ಲ. ದನಿ ತೀರಿದೆ ಎಂದು ಕಚೇರಿಯಲ್ಲಿ ಬರೆಸಿಯಾಗಿತ್ತು. ಬರೆಸಿದ್ದೇ ಅವಳ ದನಿ ಎಂದು ನಾವು ನಂಬಿಕೊಂಡಿದ್ದೆವು.

ಕೇಳದೆ ಇದ್ದವರು ಅತ್ತೆ ಒಬ್ಬರೇ. ಮಗಳು ಬಂದು ಮಂಚದ ಅಂಚಿಗೆ ಕೂತು ಕಾಲು ಒತ್ತುವಳು, ತಲೆ ಬಾಚುವಳು. ಅತ್ತೆ ಕತ್ತಲೆಯೊಳಗಿಂದ ಮಾತಾಡುತ್ತಾ ಹೋಗುವರು. ಉತ್ತರವಾಗಿ ಅನಸೂಯ ಅವರ ಅಂಗೈ ಒತ್ತುವಳು. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. "ಮೊಮ್ಮಗಳು ಚೆನ್ನಾಗಿದ್ದಾಳಾ? ಶಂಕ್ರಪ್ಪ ಬೈತಾನಾ?" ಇದೇ ಮಾತು, ಇದೇ ಒತ್ತು. ಮೊದಮೊದಲು ಅತ್ತೆ ನಗುತ್ತಿದ್ದರು. ಮೂರನೆಯ ವರ್ಷದ ಹೊತ್ತಿಗೆ ಅವರಿಗೆ ಸಾಕಾಯಿತು. "ಒಂದು ಮಾತು ಆಡೇ ಅನಸೂಯ. ಕಣ್ಣಂತೂ ಇಲ್ಲ. ದನೀನೂ ಇಲ್ದಿದ್ರೆ ನೀನು ಬಂದಿದ್ದೀಯ ಅಂತ ಹೆಂಗೆ ನಂಬ್ಲಿ?" ಅನ್ನುತ್ತಿದ್ದರು. ಅನಸೂಯ ಅಂಗೈ ಒತ್ತುವಳು. ಅತ್ತೆ ಕೈ ಎಳೆದುಕೊಳ್ಳುವರು.

ಒಮ್ಮೆ ನನ್ನ ಗಂಡ ಧೈರ್ಯ ಮಾಡಿ ಅಪ್ಪನನ್ನು ಕೇಳಿಯೇಬಿಟ್ಟರು. "ಒಂದು ಮಾತು ಆಡ್ಲಿ ಬಿಡಪ್ಪ. ಅವ್ವ ಇನ್ನೆಷ್ಟು ದಿನ?"

"ನಾನು ಇನ್ನೆಷ್ಟು ದಿನ?" ಅಂದರು ಮಾವ. "ನಂಗೆ ಎಪ್ಪತ್ನಾಕು. ಹನ್ನೆರಡು ವರ್ಷ ಕೂಡಿಸ್ಕೋ. ಅಷ್ಟು ವರ್ಷ ಆ ಗೋಡೆ ನೋಡ್ಕೊಂಡು ಕೂತ್ಕೋತೀನಾ? ನನ್ ಜೊತೆ ಮಾತಾಡೋರು ಯಾರಿದ್ದೀರ ಈ ಮನೇಲಿ? ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಅವಳು ಮಲಗಿದ್ದಾಳೆ. ಆ ಡಬ್ಬ ಒಂದೇ ನನ್ ಜೊತೆ ಮಾತಾಡೋದು."

ಮುದುಕನ ಮಾತೂ ಸುಳ್ಳಲ್ಲ. ನನ್ನ ಗಂಡ ನನ್ನ ಕಡೆ ನೋಡಿದರು, ನೀನಾದರೂ ಹೇಳು ಅನ್ನುವ ಹಾಗೆ. ನಾನು ಒಲೆಯ ಮೇಲಿನ ಹಾಲು ಉಕ್ಕುತ್ತದೆ ಎಂದು ಎದ್ದುಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ರಿಮೋಟು ಸತ್ತರೆ ನಾನು ಯಾರು? ಸೊಂಟ ಬಗ್ಗಿಸಿ ಗುಡಿಸುವ ಸೊಸೆ, ಅಷ್ಟೆ. ಅಡುಗೆಮನೆ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆ? ನನಗೆ ಅದರ ಭಯವಿತ್ತು. ಅತ್ತೆಯ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಭಯ ಪ್ರೀತಿಗಿಂತ ಒಂದು ಗೇಣು ದೊಡ್ಡದಾಗಿತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಅತ್ತೆ ಅನ್ನ ಬಿಟ್ಟರು. ಗಂಜಿ ಕುಡಿಸಿದರೆ ಕಟಬಾಯಲ್ಲಿ ಸುರಿದುಹೋಗುತ್ತಿತ್ತು. ಎಚ್ಚರವಿದ್ದಾಗಲೆಲ್ಲ ಅನಸೂಯಳ ಹೆಸರು. ಒಂದು ಮಂಗಳವಾರ ಅನಸೂಯ ಬಂದು ತಾಯಿಯ ಕೈ ಹಿಡಿದು ಕೂತಿದ್ದಳು. ಅತ್ತೆ "ಒಂದೇ ಮಾತು ಕಣೆ" ಎಂದು ಗೋಗರೆಯುತ್ತಿದ್ದರು. ನಾನು ಮೆಲ್ಲಗೆ ಹೋಗಿ ಅನಸೂಯಳ ಹಿಂದೆ ನಿಂತೆ. ಬಗ್ಗಿ, ದನಿ ಸಣ್ಣ ಮಾಡಿ, ಸಾಧ್ಯವಾದಷ್ಟು ಮೆತ್ತಗೆ ಮಾಡಿ, "ಅವ್ವಾ, ನಾನು ಬಂದಿದ್ದೀನಿ ಅವ್ವಾ" ಅಂದೆ.

ಅತ್ತೆಯ ಮುಖ ಅರಳಿತು. ಕುರುಡುಗಣ್ಣು ನನ್ನ ಕಡೆಗೇ ತಿರುಗಿತು. ನನಗೆ ಹೆಮ್ಮೆಯೇ ಆಯಿತು. "ಊಟ ಮಾಡಬೇಕು ನೀನು, ಇಲ್ಲಾಂದ್ರೆ ನಾನು ಬರಲ್ಲ" ಎಂದು ಇನ್ನೊಂದು ಮಾತನ್ನೂ ಸೇರಿಸಿದೆ. ಆ ಮುಖ ಹಾಗೇ ಸೋತುಹೋಯಿತು.

"ಹದಿನಾಲ್ಕು ವರ್ಷದಿಂದ ದಿನಾ ಕೇಳ್ತಿದ್ದೀನಿ ಈ ದನಿನ. ನಿಂಗೆ ಇಂಥ ಬುದ್ಧಿ ಯಾಕೆ ಬಂತು ವಿಶಾಲ?" ಅಂದರು.

ಅನಸೂಯ ಎದ್ದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಜಗಲಿ ಇಳಿದು ಬೀದಿಯಲ್ಲಿ ನಿಂತು ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ನನ್ ಬಾಯಿ ಕಟ್ಟಿದ್ದು ಸಾಲ್ಲಿಲ್ವಾ ಅತ್ತಿಗೆ? ನನ್ ಹೆಸರಲ್ಲಿ ಮಾತೂ ಆಡ್ಬೇಕಾ?" ಅಂದಳು, ಆ ಗೊಗ್ಗರು ದನಿಯಲ್ಲಿ. ಒಳ್ಳೇದಕ್ಕೆ ಮಾಡಿದೆ ಎಂದು ಹೇಳಲು ಹೋದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಕಡೆ ನಡೆದುಬಿಟ್ಟಳು.

ಆ ವಾರ ನನಗೆ ಅನ್ನ ಸೇರಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ನಾನು ಗುಂಡಿ ಒತ್ತಿ 'ವಾರ್ತೆ ಹಾಕು' ಅಂದಾಗಲೆಲ್ಲ ಗೋಡೆಯ ಕಡೆ ಹೊರಳಲು ನೋಡುತ್ತಿದ್ದರು, ಹೊರಳಲು ಆಗುತ್ತಿರಲಿಲ್ಲ. ಸೋಮವಾರ ಡಾಕ್ಟರು ಬಂದು ನಾಡಿ ನೋಡಿ, ಬೇಕಾದವರಿಗೆ ಹೇಳಿಕಳಿಸಿ ಅಂದರು. ನಾನು ಯಾರಿಗೂ ಹೇಳದೆ ಗಿರಣಿಗೆ ಹೋದೆ. ಮೆಣಸಿನಕಾಯಿ ಘಾಟಿಗೆ ಬಾಗಿಲಲ್ಲೇ ಕಣ್ಣು ಮೂಗಿನಲ್ಲೆಲ್ಲ ನೀರು. ಅನಸೂಯ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪುಡಿ ತುಂಬುತ್ತಿದ್ದಳು. ನಾನು ಅವಳ ಕಿವಿಯ ಹತ್ತಿರ ಕೂಗಿದೆ. "ಬಂದು ಮಾತಾಡು. ಟಿ.ವಿ. ಹೋದ್ರೆ ಹೋಗ್ಲಿ, ಮನೆ ಹಾಳಾಗಲ್ಲ. ಮನೆದನಿ ನಾನು, ನಾನೇ ಹೇಳ್ತಿದ್ದೀನಿ." ಅವಳು ಮೆಷಿನು ನಿಲ್ಲಿಸಿದಳು. "ಅಪ್ಪ?" ಅಂದಳು. ಅಪ್ಪನಿಗೆ ನಾನು ಉತ್ತರ ಹೇಳ್ತೀನಿ ಅಂದೆ. ಅವಳು ಕೈ ತೊಳೆದುಕೊಂಡು ನನ್ನ ಜೊತೆ ಹೊರಟಳು. ದಾರಿಯುದ್ದಕ್ಕೂ ಏನು ಮಾತಾಡಬೇಕು ಎಂದು ಅವಳು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ನಾವು ಬಂದಾಗ ನಡುಮನೆಯಲ್ಲಿ ನಾನು ಹಾಕಿಟ್ಟು ಹೋಗಿದ್ದ ಟಿ.ವಿ.ಯಲ್ಲಿ ಹನ್ನೊಂದು ಗಂಟೆಯ ವಾರ್ತೆ ನಡೆಯುತ್ತಿತ್ತು. ಮಾವ ಕುರ್ಚಿಯಲ್ಲಿದ್ದರು. ನನ್ನ ಗಂಡ ಕೆಲಸಕ್ಕೆ ಹೋಗದೆ ತಾಯಿಯ ಕಾಲ ಬಳಿ ಕೂತಿದ್ದರು. ಅನಸೂಯ ಎಂದಿನ ಹಾಗೆ ಹೊಸ್ತಿಲ ಬಳಿ ಸೆರಗನ್ನು ಬಾಯಿಗೆ ಒಯ್ದಳು. ನಾನು ಅದನ್ನು ಹಿಡಿದು ಕೆಳಗೆ ಬಿಟ್ಟೆ. ಅವಳು ಮಂಚದ ಅಂಚಿಗೆ ಕೂತು ತಾಯಿಯ ಕೈ ತೆಗೆದುಕೊಂಡಳು. ಮಾವನಿಗೆ ಏನೋ ಸಂಶಯ ಬಂದು, "ಏನದು?" ಎಂದು ಅರ್ಧ ಎದ್ದರು.

"ಅವ್ವಾ" ಅಂದಳು ಅನಸೂಯ.

ಈಗ ಹೇಳುತ್ತೇನೆ ಕೇಳಿ, ನಮ್ಮ ಯೋಗ್ಯತೆ ಎಂಥದು ಎಂದು. ಹದಿನಾಲ್ಕು ವರ್ಷದ ಮೇಲೆ ಮಗಳು ಈ ಮನೆಯೊಳಗೆ ತಾಯಿಯನ್ನು ಕರೆದಳು. ನಾವು ಒಬ್ಬರೂ ತಾಯಿಯ ಮುಖ ನೋಡಲಿಲ್ಲ. ಮಾವ ಟಿ.ವಿ. ನೋಡಿದರು, ನನ್ನ ಗಂಡ ಟಿ.ವಿ. ನೋಡಿದರು, ನಾನೂ ನೋಡಿದೆ. ಅನಸೂಯ ಕೂಡ ತಾಯಿಯ ಕೈ ಹಿಡಿದುಕೊಂಡೇ ಟಿ.ವಿ. ಕಡೆ ತಿರುಗಿದಳು. ವಾರ್ತೆ ಓದುವವಳು ಯಾವುದೋ ಊರಿನ ಸೇತುವೆಯ ಸುದ್ದಿ ಓದುತ್ತಿದ್ದಳು. ಓದಿ ಮುಗಿಸಿದಳು, ಇನ್ನೊಂದು ಸುದ್ದಿ ತೆಗೆದಳು. ಟಿ.ವಿ. ಆರಲಿಲ್ಲ. ನಾನು ರಿಮೋಟು ಎತ್ತಿ, ದನಿ ಕಡಿಮೆ ಮಾಡು ಅಂದೆ. ಕಡಿಮೆಯಾಯಿತು. ಅದಕ್ಕೆ ಅನಸೂಯ ಯಾರೆಂದೇ ಗೊತ್ತಾಗಿರಲಿಲ್ಲ. ಆ ಕಿವಿಗೆ ಗೊತ್ತಿದ್ದದ್ದು ಇಪ್ಪತ್ತೊಂದು ವರ್ಷದ ಹುಡುಗಿ.

ಆಗ ಅತ್ತೆಯ ಮಾತು ಕೇಳಿಸಿತು. "ಸಾಕು ಮಾಡೇ ವಿಶಾಲ" ಅಂದರು. "ಹೋದ ವಾರಾನೂ ಹೇಳ್ದೆ. ಈ ಸಲ ಅಂತೂ ನಿಂಗೆ ದನಿ ಕೂಡ ಕೂಡಿ ಬರ್ಲಿಲ್ಲ."

"ಅವ್ವ, ನಾನೇ ಅವ್ವ. ಅನಸೂಯ" ಅಂದಳು ಅನಸೂಯ. ಗಾಬರಿಗೆ ಆ ದನಿ ಇನ್ನಷ್ಟು ಒಡೆಯಿತು.

ನಾನು ಮಂಚದ ಇನ್ನೊಂದು ಪಕ್ಕಕ್ಕೆ ಓಡಿಹೋಗಿ ಮಂಡಿಯೂರಿದೆ. "ಅತ್ತೆ, ನಾನು ಇಲ್ಲಿದ್ದೀನಿ, ಈ ಕಡೆ. ಮಾತಾಡ್ತಿರೋಳು ನಾನಲ್ಲ, ನಿಮ್ಮ ಮಗಳು. ಖಾರದ ಘಾಟಿಗೆ ಗಂಟಲು ಒಡೆದಿದೆ, ಅಷ್ಟೆ. ಆಣೆ ಮಾಡಿ ಹೇಳ್ತೀನಿ."

"ಹಂಗಾದ್ರೆ ಯಾರನ್ನೋ ಕರ್ಕೊಂಡು ಬಂದಿದ್ದೀಯ" ಅಂದರು ಅತ್ತೆ. ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ, ದಣಿವು ಮಾತ್ರ. "ನನ್ ಮಗಳ ದನಿ ನಂಗೆ ಗೊತ್ತಿಲ್ವೇನೆ?"

ಅನಸೂಯ ಬಗ್ಗಿ ತಾಯಿಯ ಕಿವಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಾಯಿ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಕೂತದ್ದು, ಅಪ್ಪನಿಗೆ ಗೊತ್ತಾಗದ ಹಾಗೆ ಕಾಲುಗೆಜ್ಜೆ ತೆಗೆಸಿಕೊಟ್ಟದ್ದು, ಮದುವೆಯ ಹಿಂದಿನ ದಿನ ಹಿತ್ತಿಲಲ್ಲಿ ಇಬ್ಬರೂ ಅತ್ತದ್ದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣಿನ ಕೊನೆಯಲ್ಲಿ ನೀರು ಬಂತು. ಗೊತ್ತಾಯಿತು, ಈಗ ಗೊತ್ತಾಯಿತು ಅಂದುಕೊಂಡೆ ನಾನು.

ಅತ್ತೆ ತಮ್ಮ ಕೈಯಲ್ಲಿದ್ದ ಕೈಯನ್ನು ಸವರಿದರು. "ಪಾಪ, ಅವಳಿಗೆ ಎಲ್ಲಾ ಹೇಳ್ಕೊಟ್ಟಿದ್ದೀಯ" ಎಂದು ಆ ಕೈಗೆ ಹೇಳಿದರು. "ಯಾರ್ಯಾರ ಕೈಲೋ ಮಾತಾಡಿಸ್ಬೇಡ ಮಗಳೆ. ನಿಂಗೆ ಬೇಕಾದ್ರೆ ಸುಮ್ನೆ ಕೂತ್ಕೋ. ನಿಮ್ಮಪ್ಪನ ಟಿ.ವಿ. ಇರ್ಲಿ. ನಾನು ಇನ್ನು ಕೇಳಲ್ಲ."

ಆ ಕೈಯ ಯಜಮಾನಿಯೇ ಮಾತಾಡುತ್ತಿದ್ದಳು. ಆದರೆ ಮಾತಿಗೂ ಕೈಗೂ ಇದ್ದ ನಂಟನ್ನು ಹರಿದವಳು ನಾನು, ಒಂದು ವಾರದ ಹಿಂದೆ, ಅದೇ ಜಾಗದಲ್ಲಿ ನಿಂತು. ನಾನು ಆವತ್ತು ನಾಟಕ ಆಡದೆ ಇದ್ದಿದ್ದರೆ, ಒಡೆದ ದನಿಯಾದರೂ ಮಗಳದೇ ಎಂದು ಅವರು ನಂಬುತ್ತಿದ್ದರೇನೋ. ಗಂಟಲಿಗೆ ಏನಾಯಿತೇ ಎಂದು ಕೇಳುತ್ತಿದ್ದರೇನೋ.

ಅನಸೂಯ ಮನೆಗೆ ಹೋಗಲಿಲ್ಲ. ನಾಲ್ಕು ದಿನ ಮಂಚದ ಪಕ್ಕದಲ್ಲೇ ಇದ್ದು ಮಾತಾಡಿದಳು. ಮೊದಲ ಎರಡು ದಿನ ಅತ್ತೆ, ಸಾಕು ಮಾಡಮ್ಮ, ನೀನು ಯಾರಾದ್ರೂ ಆಗಿರು, ಸಾಕು ಮಾಡು ಅನ್ನುತ್ತಿದ್ದರು. ಮೂರನೆಯ ದಿನ ಅದನ್ನೂ ಬಿಟ್ಟರು. ನಾಲ್ಕನೆಯ ದಿನ ಅನಸೂಯಳೇ ಮಾತು ನಿಲ್ಲಿಸಿ ಅಂಗೈ ಒತ್ತಿದಳು, ಒಂದು ಸಲ. ಅತ್ತೆಯ ಮುಖದಲ್ಲಿ ನಗು ಬಂತು. "ಬಂದ್ಯಾ?" ಅಂದರು. ಅವಳು ಮತ್ತೆ ಒತ್ತಿದಳು. ಅಲ್ಲಿಂದಾಚೆಗೆ ಅವಳು ಬಾಯಿ ತೆರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಅತ್ತೆ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅನಸೂಯ ಚೀಲ ಹಿಡಿದುಕೊಂಡು ಹೊರಟು ನಿಂತಳು. ಮಾವ ಅಡುಗೆಮನೆ ಬಾಗಿಲಿಗೆ ಬಂದು, ಸಂಕೋಚದಿಂದಲೇ, ವಾರ್ತೆ ಹಾಕ್ಕೊಡವ್ವ ಅಂದರು. ಸೂತಕದ ಮನೆಯಲ್ಲಿ ಬೇಡ ಅನ್ನಬಹುದಿತ್ತು. ನಾನು ಹಾಕಿಕೊಟ್ಟೆ. ಪರದೆ ಬೆಳಗಿತು. ಮುದುಕ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು. ಅವರಿಗೆ ಮಗಳ ಮೇಲೆ ಪ್ರೀತಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ನೋಡಿದ್ಯಾ ಅನಸೂಯ, ಏನೂ ಆಗ್ಲಿಲ್ಲ" ಅಂದರು. "ಇನ್ಮೇಲೆ ಬಂದಾಗ ಜಗಲೀಲಿ ಯಾಕೆ, ಒಳಗೇ ಕೂತ್ಕೊಂಡು ಮಾತಾಡು."

"ಯಾರ್ ಹತ್ರ ಅಪ್ಪ?" ಎಂದು ಕೇಳಿ ಅವಳು ಹೊಸ್ತಿಲು ದಾಟಿದಳು.